ಹಲಗಿ ಬಾರಿಸಿದವರ ಹೆಸರೇನು?

ಪೋಸ್ಟ್ ಉದ್ದ ಐತಿ, ಬಿಡುವಾದಾಗ ಓದ್ರಿ.

ನಮ್ಮ ಚಳವಳಿಯ ಹಳೇ ಹಾಡಿನ ಕ್ಯಾಸೆಟ್‌ಗಳನ್ನ ಮತ್ತೆ ಹೊರಗೆ ತರಬೇಕು ಅಂತ ಕುಡತಿನಿ, ಕುರುಗೋಡು, ಸಿರುಗುಪ್ಪ ಕಡೆಯ ಕೆಲವು ಗೆಳೆಯರು ಸೇರಿ ಮಾತಾಡ್ತಾ ಇದೀವಿ. ಮಾತು ಈಗ ಜಗಳದ ಹಂತಕ್ಕೆ ಬಂದಿದೆ. "ಆ ಗೊರಗೊರ ಸದ್ದು ಈಗಿನ ಹುಡುಗರು ಯಾರು ಕೇಳ್ತಾರಣ್ಣ? ಒಳ್ಳೆ ಗಾಯಕರನ್ನ ಕರೆಸಿ, ಕೀಬೋರ್ಡ್ ಹಾಕ್ಸಿ ಹೊಸದಾಗಿ ಹಾಡ್ಸೋಣ" ಅನ್ನೋರು ಒಂದು ಗುಂಪು. ಹಳೇದನ್ನ ಹಳೇದಾಗೇ, ಕೆಮ್ಮು, ಕೂಗು, ಮೈಕಿನ ಶಿಳ್ಳೆ ಸಮೇತ ಬಿಡಬೇಕು ಅನ್ನೋರು ಇನ್ನೊಂದು ಗುಂಪು. ನಾನು ಎರಡನೇ ಗುಂಪಿನವನು. ಯಾಕೆ ಅಂತ ಗ್ರೂಪಿನಲ್ಲಿ ನಾಲ್ಕು ಸಾಲಲ್ಲಿ ಹೇಳೋಕೆ ಆಗಲಿಲ್ಲ. ಅದಕ್ಕೆ ಇಲ್ಲಿ ಬರೀತಿದೀನಿ.

ಮೊದಲು ದೂರದ ಒಂದು ಕತೆ. 1980ರ ಪಶ್ಚಿಮ ಬರ್ಲಿನ್. ಊರಿನ ಸುತ್ತ ಗೋಡೆ. ಆ ವರ್ಷದ ಏಪ್ರಿಲ್ 1ಕ್ಕೆ ಐನ್‌ಸ್ಟುರ್ಟ್ಸೆಂಡೆ ನೊಯ್‌ಬೌಟೆನ್ ಅನ್ನೋ ತಂಡ ಮೊದಲ ಸಲ ವೇದಿಕೆ ಹತ್ತಿತು. ನಾಲಿಗೆ ಹೊರಳದ ಈ ಹೆಸರಿನ ಅರ್ಥ 'ಕುಸಿದು ಬೀಳ್ತಿರೋ ಹೊಸ ಕಟ್ಟಡಗಳು'. ಪಂಕ್ ಗಾಳಿಯಲ್ಲಿ ಹುಟ್ಟಿದ ತಂಡ. ರಾಕ್ ಅಂದ್ರೆ ಇಂಗ್ಲಿಷ್ ಅನ್ನೋ ಕಾಲದಲ್ಲಿ ಇವರು ಜರ್ಮನ್‌ನಲ್ಲೇ ಕಿರುಚಿದರು. ಹಾಡೋನು ಬ್ಲಿಕ್ಸಾ ಬಾರ್ಗೆಲ್ಡ್. ತಾಳ ಹಿಡಿಯೋ ಎನ್.ಯು. ಉನ್ರೂಹ್ ಕೈಯಲ್ಲಿ ಕಾಸಿಲ್ಲದೆ ಡ್ರಮ್ಸ್ ಮಾರಿಕೊಂಡು, ಗುಜರಿ ಕಬ್ಬಿಣ, ತಗಡು ಇಂಥವನ್ನ ತಂದು ಬಡಿಯೋಕೆ ಶುರು ಮಾಡಿದ. ಆಮೇಲೆ ಡ್ರಿಲ್ಲಿಂಗ್ ಮೆಷಿನ್ನೂ ವಾದ್ಯ ಆಯ್ತು. ಅದೇ ವರ್ಷ ಹೆದ್ದಾರಿ ಸೇತುವೆಯೊಂದರ ಒಳಗಿನ ಟೊಳ್ಳಿನಲ್ಲಿ ಸೇರಿ ಕಬ್ಬಿಣ ಬಡಿದು ರೆಕಾರ್ಡ್ ಮಾಡಿಕೊಂಡರು. ಆ ಕ್ಯಾಸೆಟ್ಟಿಗೆ ಇಟ್ಟ ಹೆಸರು 'ಸ್ಟಾಲ್‌ಮ್ಯೂಸಿಕ್', ಅಂದ್ರೆ ಉಕ್ಕಿನ ಸಂಗೀತ. 1981ರಲ್ಲಿ 'ಕೊಲ್ಯಾಪ್ಸ್' ಅನ್ನೋ ಮೊದಲ ಪ್ಲೇಟು ಬಂತು.

ಉಕ್ಕಿನ ಸಂಗೀತ ಅಂದ ಕೂಡಲೇ ಕುಡತಿನಿಯವರ ಕಿವಿ ನಿಮಿರಬೇಕು. ಊರ ಮಗ್ಗುಲಲ್ಲಿ ಥರ್ಮಲ್, ಆಚೆ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ, ನಡುವೆ ಅದಿರಿನ ರೈಲು. ನಮಗೆ ಹಗಲೂ ರಾತ್ರಿ ಕಛೇರಿ, ಟಿಕೆಟ್ ಇಲ್ಲ.

ನಾನು ಹೇಳಬೇಕಂತಿರೋದು ಆ ತಂಡದ ಸಂಗೀತದ ಬಗ್ಗೆ ಅಷ್ಟಾಗಿ ಅಲ್ಲ. ಅದನ್ನ ಪೂರಾ ಕೇಳೋಕೆ ನನಗೂ ತಾಳ್ಮೆ ಸಾಲದು. ಆ ಹುಡುಗರ ಕಚ್ಚಾ ರೆಕಾರ್ಡಿಂಗುಗಳಿಗೆ ಮುಂದೆ ಸಿಕ್ಕ ಮರ್ಯಾದೆ ನೋಡ್ರಿ. 1980ರಿಂದ 83ರವರೆಗಿನ ಬಿಡಿಬಿಡಿ ತುಣುಕುಗಳನ್ನ ಒಟ್ಟುಮಾಡಿ 'ಸ್ಟ್ರಾಟಜೀಸ್ ಅಗೇನ್‌ಸ್ಟ್ ಆರ್ಕಿಟೆಕ್ಚರ್' ಅಂತ ಸಂಕಲನ ತಂದರು. ಮೊದಲ ಪ್ಲೇಟೂ ಆಮೇಲೆ ಮರುಬಿಡುಗಡೆ ಆಯ್ತು. "ಆಗ ನಮ್ಮ ಕೈಯಲ್ಲಿ ದುಡ್ಡಿರಲಿಲ್ಲ, ಸದ್ದು ಒರಟಾಗಿದೆ, ಈಗ ಚೆನ್ನಾಗಿ ಬಾರಿಸಿ ಕೊಡ್ತೀವಿ" ಅಂತ ಅವರು ಆ ಹಳೇ ಕಬ್ಬಿಣದ ಸದ್ದನ್ನ ಒರೆಸಿಹಾಕಲಿಲ್ಲ. ಬಡತನದ ಗುರುತೇ ಇತಿಹಾಸದ ಗುರುತು ಅಂತ ಅವರಿಗೆ ಗೊತ್ತಿತ್ತು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಬಾರದು. ಬರ್ಲಿನ್ನಿನ ಹುಡುಗ ಗುಜರಿ ಬಡಿದದ್ದು ಅವನ ಆಯ್ಕೆ. ನಾಳೆ ಗಿಟಾರ್ ಹಿಡೀತೀನಿ ಅಂದ್ರೆ ತಡೆಯೋರು ಯಾರೂ ಇರಲಿಲ್ಲ. ನಮ್ಮ ಅಜ್ಜಂದಿರು ಹಲಗಿ ಬಡಿದದ್ದು ಹಂಗಲ್ಲ. ಸತ್ತ ದನ ಹೊರಬೇಕು, ಚರ್ಮ ಸುಲಿಯಬೇಕು, ಅದೇ ಚರ್ಮದ ಹಲಗಿ ಕಟ್ಟಬೇಕು, ಊರ ಜಾತ್ರೆಗೆ, ಗೌಡರ ಹೆಣಕ್ಕೆ, ಡಂಗುರಕ್ಕೆ ಕರೆದಾಗ ಬಂದು ಬಾರಿಸಬೇಕು. ಕೂಲಿ ಅಂದ್ರೆ ಒಂದು ಸೇರು ಜೋಳ, ಇಲ್ಲಾಂದ್ರೆ ಬೈಗುಳ. ದೇವರ ಮುಂದೆ ನಡೆಯೋ ಹಲಗಿ ಗುಡಿ ಬಾಗಿಲಲ್ಲಿ ನಿಂತುಬಿಡಬೇಕು. ಮೈಸೂರು ಕಡೆ ತಮಟೆ, ನಮ್ಮ ಕಡೆ ಹಲಗಿ, ಗಡಿ ದಾಟಿದರೆ ಡಪ್ಪು. ಹೆಸರು ಮೂರು, ಹಣೆಬರಹ ಒಂದೇ. ಅದಕ್ಕೇ 1927ರಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ, ಹೀನ ಚಾಕರಿ ಬಿಡಿ ಅಂದರು. ಆ ದನಿ ಇಲ್ಲಿಗೆ ಮುಟ್ಟೋಕೆ ಎಷ್ಟೋ ವರ್ಷ ಬೇಕಾಯ್ತು. ಮುಟ್ಟಿದ ಮೇಲೆ "ಇನ್ನು ನಿಮ್ಮ ಹೆಣಕ್ಕೆ ಹಲಗಿ ಬಾರಿಸಲ್ಲ" ಅಂತ ಕೇರಿ ಕೇರಿಗಳು ಕೋಲು ಕೆಳಗಿಟ್ಟವು. ಹಂಗೆ ಕೆಳಗಿಟ್ಟಿದ್ದಕ್ಕೆ ಬಹಿಷ್ಕಾರ ಉಂಡವರು, ಹೊಡೆಸಿಕೊಂಡವರು ನಮ್ಮ ನಡುವೆಯೇ ಇದಾರೆ.

ಆಮೇಲೆ ಅದೇ ಹಲಗಿ ಮತ್ತೆ ಕೈಗೆ ಬಂತು, ಬೇರೆ ಕೆಲಸಕ್ಕೆ.

1973ರ ನವೆಂಬರ್‌ನಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಗ್ಗೆ ಆಡಿದ 'ಬೂಸಾ' ಮಾತು, ಅದಕ್ಕೆ ಎದ್ದ ಗಲಾಟೆ, ಹಾಸ್ಟೆಲ್ ಹುಡುಗರ ಮೇಲೆ ಬಿದ್ದ ಏಟು, ಕೊನೆಗೆ ಬಸವಲಿಂಗಪ್ಪನವರ ರಾಜೀನಾಮೆ, ಇದೆಲ್ಲ ನಿಮಗೆ ಗೊತ್ತಿರೋದೇ. ಆ ಕಿಚ್ಚಿನಲ್ಲೇ ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ಬೆಳೀತು. 1975ಕ್ಕೆ ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಪುಸ್ತಕ ಬಂತು. ಆದರೆ ಆ ಹಾಡುಗಳನ್ನ ಪುಸ್ತಕದಲ್ಲಿ ಓದಿ ಕಲಿತವರು ಎಷ್ಟು ಮಂದಿ? ಜಾಥಾದಲ್ಲಿ ಕೇಳಿ ಕಲಿತವರೇ ಹೆಚ್ಚು. ಜನ್ನಿ, ಪಿಚ್ಚಳ್ಳಿ ಶ್ರೀನಿವಾಸ್ ಅಂಥವರು ಊರೂರು ತಿರುಗಿ ಹಾಡಿದರು. ಕೋಟಿಗಾನಹಳ್ಳಿ ರಾಮಯ್ಯನಂಥವರು ಹಾಡು ಕಟ್ಟಿದರು. ಹಾಡು ಬಾಯಿಂದ ಬಾಯಿಗೆ ದಾಟಿ ನಮ್ಮ ಊರಿಗೆ ಬರೋ ಹೊತ್ತಿಗೆ ರಾಗ ಸ್ವಲ್ಪ ತಿರುಗಿ, ಮಾತು ಸ್ವಲ್ಪ ಬಳ್ಳಾರಿಯದ್ದಾಗಿ, ಹಲಗಿ ಪೆಟ್ಟು ಪೂರ್ತಿ ನಮ್ಮ ಕೇರಿಯದ್ದಾಗಿರ್ತಿತ್ತು. ಹೆಣದ ಮುಂದೆ ಬಾರಿಸೋ ಅದೇ ಪೆಟ್ಟನ್ನ ಮೆರವಣಿಗೆ ಮುಂದೆ ಬಾರಿಸಿದರು. ಯಾರ ಕೈ ಅಂಗಲಾಚೋಕೆ ಬಾರಿಸ್ತಿತ್ತೋ ಅದೇ ಕೈ ತಹಶೀಲ್ದಾರ್ ಆಫೀಸಿನ ಮುಂದೆ ಬಾರಿಸ್ತು.

ಇದು ನಡೆದ ಹತ್ತು ಹದಿನೈದು ವರ್ಷ ಇದೆಯಲ್ಲ, ಆ ಹೊತ್ತಿನ ಸದ್ದು ಪುಸ್ತಕದಲ್ಲಿ ಇಲ್ಲ. ಫೋಟೋದಲ್ಲೂ ಇಲ್ಲ. ಇದ್ದರೆ ಕ್ಯಾಸೆಟ್ಟಿನಲ್ಲಿ ಮಾತ್ರ.

ಅದೇ ಕಾಲದಲ್ಲಿ ಕನ್ನಡದಲ್ಲಿ ಇನ್ನೊಂದು ಕ್ಯಾಸೆಟ್ ಇತಿಹಾಸ ನಡೀತಾ ಇತ್ತು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಬಂತು. ಕನ್ನಡ ಭಾವಗೀತೆಯ ಮೊದಲ ಕ್ಯಾಸೆಟ್ ಅಂತ ಅದನ್ನ ಎಲ್ಲರೂ ನೆನೀತಾರೆ, ನೆನೀಲೇಬೇಕು, ನನಗೂ ಇಷ್ಟ. ಅದರ ಮೇಲೆ ಕವಿ, ಗಾಯಕರು, ಕಂಪನಿ ಎಲ್ಲರ ಹೆಸರೂ ಇದ್ದವು. ನಮ್ಮ ಕಡೆ ಅದೇ ಕ್ಯಾಸೆಟ್ಟಿನ ಮೇಲೆ ಬಾಲ್ ಪೆನ್ನಲ್ಲಿ 'ಸಭೆ' ಅಂತ ಬರೆದಿರ್ತಿತ್ತು. ಅಷ್ಟೇ. ಎಷ್ಟೋ ಸಲ ಸಿನಿಮಾ ಹಾಡಿನ ಕ್ಯಾಸೆಟ್ಟಿನ ತುದಿಗೆ ಹಾಳೆ ತುರುಕಿ, ಅದರ ಮೇಲೇ ನಮ್ಮ ಹಾಡು ರೆಕಾರ್ಡ್ ಮಾಡಿರ್ತಿದ್ವಿ. ಹಾಡು ಮುಗಿದ ಕೂಡಲೇ ಹಿಂದಿನ ಸಿನಿಮಾ ಹಾಡಿನ ಬಾಲ ಕೇಳಿಸುತ್ತೆ. ಅದನ್ನೂ ಕತ್ತರಿಸಬಾರದು ಅನ್ನೋನು ನಾನು.

ಬಳ್ಳಾರಿ ಗಡಿ ಜಿಲ್ಲೆ. 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನ ಕೈಯಲ್ಲಿತ್ತು, ತೆಲುಗು ನಮ್ಮ ಸಂತೆಯ ಭಾಷೆ. ಹಂಗಾಗಿ ಗದ್ದರ್ ಹಾಡುಗಳಿಗೆ ಇಲ್ಲಿ ಅನುವಾದ ಬೇಕಾಗಿರಲಿಲ್ಲ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು ಹಿಡಿದು ಜನನಾಟ್ಯ ಮಂಡಳಿಯಲ್ಲಿ ಹಾಡಿದ ಆ ಮನುಷ್ಯನ ಮೇಲೆ 1997ರ ಏಪ್ರಿಲ್ 6ರಂದು ಗುಂಡು ಹಾರಿಸಿದರು. ಒಂದು ಗುಂಡು ಬೆನ್ನಲ್ಲೇ ಉಳೀತು. ಆ ಗುಂಡಿನ ಜೊತೆಗೇ ಮತ್ತೆ 26 ವರ್ಷ ಹಾಡಿ 2023ರ ಆಗಸ್ಟ್ 6ರಂದು ತೀರಿಕೊಂಡರು. ಗದ್ದರ್ ಅಂದ್ರೆ ಎಲ್ಲರಿಗೂ ಗೊತ್ತು. ಅವರ ಹಿಂದೆ ನಿಂತು ಡಪ್ಪು ಬಾರಿಸಿದವರು?

ನನ್ನ ಪ್ರಶ್ನೆ ಇಷ್ಟೇ. ಹೆಸರು.

ರೆಕಾರ್ಡಿಂಗಿನ ಇತಿಹಾಸದಲ್ಲಿ ಹೆಸರಿನ ಬಗ್ಗೆ ಒಂದು ಸೊಗಸಾದ ಕತೆ ಐತಿ. 1902ರಲ್ಲಿ ಕಲ್ಕತ್ತಾದಲ್ಲಿ ಗ್ರಾಮಫೋನ್ ಕಂಪನಿಗೆ ಹಾಡಿದ ಗೌಹರ್ ಜಾನ್ ತವಾಯಿಫ್ ಹೆಣ್ಣುಮಗಳು. 'ಮಾನವಂತ'ರು ಹಾಡೋಕೆ ಹಿಂದೇಟು ಹಾಕಿದಾಗ ಆ ಕೊಳವೆಯೊಳಗೆ ಬಾಯಿಟ್ಟು ಹಾಡೋಕೆ ಬಂದವರು ಇಂಥವರೇ. ಹಾಡು ಮುಗಿದ ಕೂಡಲೇ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರು ಕೂಗಿ ಹೇಳ್ತಿದ್ದಳು. ಪ್ಲೇಟು ಅಚ್ಚಾಗ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನ ಕೆಲಸಗಾರರಿಗೆ ಯಾರ ಪ್ಲೇಟು ಅಂತ ಗೊತ್ತಾಗಬೇಕಲ್ಲ, ಅದಕ್ಕೆ. ಆಕೆ ಕೊನೆಗಾಲದಲ್ಲಿ ಮೈಸೂರಿಗೆ ಬಂದು ಅಲ್ಲೇ 1930ರ ಜನವರಿ 17ರಂದು ತೀರಿಕೊಂಡಳು. ಆಮೇಲೆ ಏನೇನೋ ಅಳಿಸಿಹೋದರೂ ಆ ಹೆಸರು ಅಳಿಸಿಲ್ಲ, ಯಾಕಂದ್ರೆ ಹೆಸರು ಹಾಡಿನ ಒಳಗೇ ಸೇರಿಕೊಂಡಿತ್ತು. ಈಗ ಕಂಪ್ಯೂಟರಿಗೆ ಹಾಕಿದ ರೆಕಾರ್ಡಿಂಗಿನಲ್ಲೂ ಗೀಚು ಸದ್ದಿನ ನಡುವೆ ಅದು ಕೇಳಿಸುತ್ತೆ. 'ಶಬ್ದ ಶುದ್ಧಿ' ಮಾಡೋನು ಯಾವನಾದರೂ ಆ ಕೊನೆಯ ಕೂಗನ್ನ ಕತ್ತರಿಸಿದ್ರೆ ಏನಾಗ್ತಿತ್ತು ಯೋಚನೆ ಮಾಡ್ರಿ.

ಇನ್ನು ನಮ್ಮ ಮಗ್ಗುಲ ಊರಿಗೆ ಬರೋಣ. ಸಂಡೂರು ತಾಲೂಕಿನ ದರೋಜಿ. ಬುರ್ರಕಥಾ ಈರಮ್ಮ ಅಲ್ಲಿಯವರು, ಬುಡ್ಗ ಜಂಗಮ ಅಲೆಮಾರಿ ಸಮುದಾಯದ ಹೆಣ್ಣುಮಗಳು. (ಪರಿಶಿಷ್ಟ ಜಾತಿಯ ಆ ಸಮುದಾಯದ ಪ್ರಮಾಣಪತ್ರದ ಮೇಲೆ ಯಾರು ಯಾರು ಕಣ್ಣು ಹಾಕಿದಾರೆ ಅನ್ನೋದು ಬೇರೆಯದೇ ಪೋಸ್ಟ್.) ಅಪ್ಪ ಲಾಲಪ್ಪನಿಂದ ಕಲಿತ ವಿದ್ಯೆ. ಅಕ್ಷರ ಬರ್ತಿರಲಿಲ್ಲ. 12 ಮಹಾಕಾವ್ಯ ಬಾಯಲ್ಲಿದ್ದವು. ಕುಮಾರರಾಮ, ಬಾಲನಾಗಮ್ಮ, ಜೈಸಿಂಗರಾಜ ಹೀಗೆ. ಎಲ್ಲ ಬರೆದಿಟ್ಟರೆ ಎರಡು ಲಕ್ಷ ಪದ, 1,600 ಪುಟ ಅಂತ ಲೆಕ್ಕ. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು, ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಕೊಟ್ಟಿತು. 2014ರ ಆಗಸ್ಟ್ 12ರಂದು ಹೋಗಿಬಿಟ್ಟರು.

ಈರಮ್ಮನ ಕಾವ್ಯ ಪುಸ್ತಕ ಆದದ್ದು ದೊಡ್ಡ ಕೆಲಸ. ಆದರೆ ಆ ಕಾವ್ಯವನ್ನ ಆಕೆ ಒಬ್ಬಳೇ ಹೇಳ್ತಿರಲಿಲ್ಲ. ತಂಗಿ ಶಿವಮ್ಮ, ನಾದಿನಿ ಪಾರ್ವತಮ್ಮ ಜೊತೆಗಿರ್ತಿದ್ದರು. ಒಬ್ಬರು ಕತೆ ಎತ್ತಿದರೆ ಇಬ್ಬರು ಹಿಮ್ಮೇಳ, 'ಹೂಂ' ಅನ್ನೋದು, ಪ್ರಶ್ನೆ ಕೇಳೋದು, ವಾದ್ಯ ಬಾರಿಸೋದು. ಕತೆ ಮುಂದಕ್ಕೆ ಹೋಗೋದೇ ಆ 'ಹೂಂ' ಮೇಲೆ. ಅಚ್ಚಿನ ಪುಟದಲ್ಲಿ ಆ 'ಹೂಂ' ಎಲ್ಲಿಗೆ ಹೋಗುತ್ತೆ? ಅಕ್ಷರ ಮುಖ್ಯ ಕತೆಗಾರ್ತಿಯನ್ನ ಹಿಡಿಯುತ್ತೆ, ಉಳಿದಿಬ್ಬರನ್ನ ಬಿಟ್ಟುಬಿಡುತ್ತೆ. ರೆಕಾರ್ಡಿಂಗು ಬಿಡಲ್ಲ. ಅದಕ್ಕೇ ಬುರ್ರಕಥೆಗೆ ಪುಸ್ತಕದಷ್ಟೇ, ಪುಸ್ತಕಕ್ಕಿಂತ ಒಂದು ಕೈ ಹೆಚ್ಚು, ದನಿ ಬೇಕು. ಕಲ್ಲುಕಂಬದಲ್ಲಿ ಹುಟ್ಟಿದ ಮಂಜಮ್ಮ ಜೋಗತಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಕುಣಿದ್ವಿ. ಆಕೆ ಕಲಿತದ್ದು ಕಾಳವ್ವ ಜೋಗತಿ ಹತ್ತಿರ. ಎರಡು ತಲೆಮಾರಿನ ದನಿ ಒಟ್ಟಿಗೆ ಕೇಳಿದರೆ ತಾನೇ ಕಲೆ ಎಲ್ಲಿಂದ ಎಲ್ಲಿಗೆ ಬಂತು ಅಂತ ತಿಳಿಯೋದು?

ಈಗ ಕಾನೂನು. ಇದನ್ನ ನಮ್ಮವರು ಯಾರೂ ಓದಲ್ಲ, ಆದರೆ ಮರುಬಿಡುಗಡೆಯ ಜಗಳ ಶುರುವಾಗೋದೇ ಇಲ್ಲಿ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಧ್ವನಿ ಮುದ್ರಣದ ಒಡೆಯ ಅಂದ್ರೆ ಅದನ್ನ ಮಾಡಿಸೋಕೆ ಮುಂದಾದ, ಜವಾಬ್ದಾರಿ ಹೊತ್ತ ನಿರ್ಮಾಪಕ. ಅಂದ್ರೆ ಮೈಕು, ಮೆಷಿನ್ನು ತಂದವನು. ಹಾಡಿದವರಲ್ಲ, ಬಾರಿಸಿದವರಂತೂ ಅಲ್ಲವೇ ಅಲ್ಲ. ಬಿಡುಗಡೆ ಆದ ಮೇಲೆ 60 ವರ್ಷ ಅವನದು. ಹಾಡೋರಿಗೆ, ಬಾರಿಸೋರಿಗೆ 'ಪ್ರದರ್ಶಕರ ಹಕ್ಕು' ಅಂತ ಒಂದು ಈ ಕಾಯ್ದೆಯೊಳಗೆ ಬಂದದ್ದೇ 1994ರ ತಿದ್ದುಪಡಿಯಲ್ಲಿ. ಅದು ಜಾರಿಗೆ ಬಂದದ್ದು 1995ರ ಮೇ 10ಕ್ಕೆ. ಮೊದಲು 25 ವರ್ಷ ಇತ್ತು, 1999ರ ತಿದ್ದುಪಡಿಯಲ್ಲಿ 50 ಆಯ್ತು. 2012ರಲ್ಲಿ ಇನ್ನೊಂದು ಹೆಜ್ಜೆ: ಈ ಪ್ರದರ್ಶನ ನನ್ನದು ಅಂತ ಗುರುತಿಸಿಕೊಳ್ಳೋ ಹಕ್ಕು, ಅದನ್ನ ಹೆಸರು ಕೆಡೋ ಹಂಗೆ ತಿರುಚಿದರೆ ಕೇಳೋ ಹಕ್ಕು. ನಮ್ಮ ಚಳವಳಿಯ ಸದ್ದು ದೊಡ್ಡದಾಗಿದ್ದ ವರ್ಷಗಳು ಬರೋದು ಇದೆಲ್ಲಕ್ಕಿಂತ ಮುಂಚೆ. ಹಲಗಿ ಬಾರಿಸಿದವರಿಗೆ ಆಗ ಊರೂ ಹಕ್ಕು ಕೊಟ್ಟಿರಲಿಲ್ಲ, ಕಾನೂನೂ ಕೊಟ್ಟಿರಲಿಲ್ಲ. ಹಂಗಾಗಿ ಈಗ ಮರುಬಿಡುಗಡೆ ಮಾಡೋ ನಾವೇ ಮೊದಲು ಅವರ ಹೆಸರು ಹುಡುಕಬೇಕು. ಕೀಬೋರ್ಡ್ ಹಾಕ್ಸಿ ಹೊಸದಾಗಿ ಹಾಡ್ಸಿದ್ರೆ ಹುಡುಕೋ ಕೆಲಸವೇ ಇರಲ್ಲ. ಹೊಸ ಗಾಯಕರ ಹೆಸರು ಹಾಕಿದರೆ ಮುಗೀತು. ನನಗೆ ಆ ಸಲೀಸುತನದ ಮೇಲೇ ಸಿಟ್ಟು.

ಹೊರಗೆ ಬಂದ ದನಿಯನ್ನ ಅದರ ಊರಿಗೆ ವಾಪಸ್ ಒಯ್ದ ಉದಾಹರಣೆಯೂ ಇದೆ. ಆರ್ನಾಲ್ಡ್ ಬಾಕೆ ಅನ್ನೋ ಡಚ್ ವಿದ್ವಾಂಸ 1938ರಲ್ಲಿ ದಕ್ಷಿಣ ಭಾರತ ಸುತ್ತಿ ಹಾಡು, ವಾದ್ಯ ರೆಕಾರ್ಡ್ ಮಾಡಿದ್ದ. 1984ರಲ್ಲಿ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಆ ರೆಕಾರ್ಡಿಂಗುಗಳನ್ನ ಹಿಡಿದು ತಮಿಳುನಾಡು, ಕೇರಳ, ಕರ್ನಾಟಕಕ್ಕೆ ಬಂದು, ಅಂದು ಹಾಡಿದ ಸಮುದಾಯಗಳನ್ನ ಹುಡುಕಿದರು. 46 ವರ್ಷದ ನಂತರ. ನಮ್ಮ ಕ್ಯಾಸೆಟ್ಟುಗಳಿಗೆ ಈಗ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ಅವರು ಸಮುದ್ರ ದಾಟಿ ಬಂದು ಹುಡುಕಿದರು. ನಾವು ಕುಡತಿನಿಯಿಂದ ಕುರುಗೋಡಿಗೆ ಬಸ್ ಹತ್ತೋಕೆ ಬೇಜಾರು ಪಟ್ಟುಕೊಂಡರೆ ಹೆಂಗೆ?

ತಡ ಮಾಡೋ ಹಂಗೂ ಇಲ್ಲ. ಕ್ಯಾಸೆಟ್ ರೀಲಿನ ಮೇಲಿರೋ ಕಂದು ಲೇಪ ಏನು ಗೊತ್ತಾ? ಸಾಮಾನ್ಯ ಕ್ಯಾಸೆಟ್ಟಿನಲ್ಲಿ ಅದು ಕಬ್ಬಿಣದ ಆಕ್ಸೈಡು. ಸಂಡೂರಿನ ಗುಡ್ಡ ಅಗೆದು ಲಾರಿಗೆ ತುಂಬಿದರಲ್ಲ, ಆ ಕೆಂಪು ಹೆಮಟೈಟ್ ಅದಿರೂ ಕಬ್ಬಿಣದ ಆಕ್ಸೈಡೇ. ರಾಸಾಯನಿಕ ಸೂತ್ರ ಒಂದೇ, ಒಳಗಿನ ಹರಳಿನ ಜೋಡಣೆ ಮಾತ್ರ ಬೇರೆ. ನಮ್ಮ ಹಾಡು ಉಳಿದಿರೋದು ಕಬ್ಬಿಣದ ಧೂಳಿನ ಮೇಲೆ. ಅದನ್ನ ಗೀಚಿ ಹಾಳು ಮಾಡ್ತಿರೋದೂ ಅದಿರಿನ ಧೂಳೇ, ಜೊತೆಗೆ ಥರ್ಮಲ್ಲಿನ ಹಾರುಬೂದಿ. ಕಿಟಕಿ ಹತ್ತಿರ ಇಟ್ಟ ಕ್ಯಾಸೆಟ್ ತೆಗೆದು ಬೆರಳು ಆಡಿಸಿ ನೋಡ್ರಿ.

ಹಂಗಾಗಿ ದಯವಿಟ್ಟು ಕೇಳ್ರಿ. ಮನೆಯ ಟ್ರಂಕಿನಲ್ಲಿ ಕ್ಯಾಸೆಟ್ ಇದ್ದರೆ ಹಳೇ ಟೇಪ್ ರೆಕಾರ್ಡರಿಗೆ ಹಾಕಿ "ಓಡುತ್ತಾ ನೋಡೋಣ" ಅನ್ನಬೇಡ್ರಿ, ರೀಲು ಸಿಕ್ಕಿಕೊಂಡ್ರೆ ಅಷ್ಟೇ ಕತೆ. ಬಿಳಿ ಬೂಸ್ಟು ಹಿಡಿದಿದ್ದರೆ ಬಟ್ಟೆಯಿಂದ ಒರೆಸಬೇಡ್ರಿ, ಬೇರೆ ಕವರಿನಲ್ಲಿ ಇಡ್ರಿ. ಮೇಲಿನ ಬರಹ ಎಷ್ಟೇ ಮಸುಕಾಗಿದ್ದರೂ ಫೋಟೋ ತೆಗೀರಿ, ಅಂಟಿಸಿದ ಚೀಟಿ ಕೀಳಬೇಡ್ರಿ. ಕಂಪ್ಯೂಟರಿಗೆ ಹಾಕುವಾಗ ನಾವು ಮೊದಲ ಪ್ರತಿಯನ್ನ ಏನೂ ತಿದ್ದದೆ, ಎಂಪಿ3 ಮಾಡದೆ, 24 ಬಿಟ್, 96 ಕಿಲೋಹರ್ಟ್ಜ್‌ನಲ್ಲಿ ಇಡಬೇಕು ಅಂತ ಮಾಡಿದೀವಿ. ಕೇಳೋಕೆ ಬೇಕಾದರೆ ಅದರಿಂದ ಇನ್ನೊಂದು ಪ್ರತಿ ತೆಗೆದು ಸ್ವಲ್ಪ ಸದ್ದು ತಗ್ಗಿಸೋಣ, ಅದಕ್ಕೆ ನನ್ನ ತಕರಾರಿಲ್ಲ. ಕೀಬೋರ್ಡ್ ಗುಂಪಿನವರು ಹೊಸ ಹಾಡು ಕಟ್ಟಲಿ, ಹಾಡಲಿ, ಅದಕ್ಕೂ ನಾನು ಚಪ್ಪಾಳೆ ತಟ್ತೀನಿ. ಹಳೇದರ ಹೆಸರಲ್ಲಿ ಮಾತ್ರ ಬೇಡ.

ಮತ್ತೆ ಹಳೇದು ಅಂದ್ರೆ ಮೂವತ್ತು ನಲವತ್ತು ವರ್ಷದ್ದೇ ಆಗಬೇಕಿಲ್ಲ. 2010ರಲ್ಲಿ ಕಾರ್ಖಾನೆಗಳಿಗೆ ಅಂತ ಕುಡತಿನಿ, ಹರಗಿನಡೋಣಿ, ವೇಣಿವೀರಾಪುರ, ಜಾನೆಕುಂಟೆ ಸುತ್ತಿನ ಭೂಮಿ ಹೋಯ್ತಲ್ಲ, ಅದಕ್ಕೆ 2022ರ ಡಿಸೆಂಬರ್‌ನಿಂದ ಕೂತ ಧರಣಿಯ ದನಿಗಳು ಎಲ್ಲರ ಮೊಬೈಲ್‌ನಲ್ಲಿ ಚೂರುಚೂರಾಗಿ ಬಿದ್ದಿವೆ. ಮೆಮೊರಿ ಫುಲ್ ಆದಾಗ ಮೊದಲು ಅಳಿಸೋದು ಅವನ್ನೇ. ಅಳಿಸೋ ಮುಂಚೆ ನಮಗೆ ಕಳಿಸ್ರಿ. ತಾರೀಕು, ಜಾಗ, ಮಾತಾಡಿದವರ, ಹಾಡಿದವರ, ಬಾರಿಸಿದವರ ಹೆಸರು ಅವರನ್ನೇ ಕೇಳಿ ಬರೆದು ಕಳಿಸ್ರಿ. ಹೆಸರು ಬೇಡ ಅಂದವರ ಹೆಸರು ಹಾಕಬೇಡ್ರಿ.

ಸದ್ಯಕ್ಕೆ ನಮ್ಮ ಕೈಗೆ ನಾಲ್ಕು ಕ್ಯಾಸೆಟ್ ಸಿಕ್ಕಿವೆ. ಮೂರರಲ್ಲಿ ಯಾರು ಯಾರು ಹಾಡಿದಾರೆ ಅಂತ ಹಿರಿಯರು ಕೂತು ಕೇಳಿ ಗುರುತು ಹಿಡಿದರು. ಒಂದು ದನಿ ಕೇಳಿ ಒಬ್ಬ ಅಜ್ಜಿ "ಇದು ನಮ್ಮ ಅತ್ತಿಗೆ" ಅಂದು ಎದ್ದು ಹೊರಗೆ ಹೋದರು. ನಾಲ್ಕನೆಯದರ ಎರಡನೇ ಮಗ್ಗುಲಲ್ಲಿ ಹಾಡು ಶುರುವಾಗೋಕೆ ಮುಂಚೆ ಯಾರೋ ಹಲಗಿಯನ್ನ ಬೆಂಕಿಗೆ ಕಾಯಿಸ್ತಾ ಪೆಟ್ಟು ಹಾಕಿ ಹದ ನೋಡ್ತಾರೆ. ಮೊದಲು ಮಂಕು, ಆಮೇಲೆ ಸ್ವಲ್ಪ ಸ್ವಲ್ಪವೇ ಗಂಟಲು ತೆರೆದ ಹಂಗೆ ಸದ್ದು ಏರುತ್ತೆ. ಹಿಂದೆ ಮಗು ಅಳೋದು ಕೇಳಿಸುತ್ತೆ. ಒಬ್ಬರು ತೆಲುಗಿನಲ್ಲಿ "ಚಾಲು" ಅಂತಾರೆ. ಬಾರಿಸೋರು ನಿಲ್ಲಿಸಲ್ಲ, ಇನ್ನೂ ಮೂರು ಪೆಟ್ಟು ಹಾಕ್ತಾರೆ, ಎಡಗೈ ಸಣ್ಣ ಕೋಲಿನ ಪೆಟ್ಟು ಸ್ವಲ್ಪ ತಡವಾಗಿ ಬೀಳುತ್ತೆ. ಅದು ಅವರ ಕೈಯ ಗುರುತು ಅಂತಾರೆ ಬಲ್ಲವರು. ಆ ತುಣುಕನ್ನ ಇವತ್ತು ರಾತ್ರಿ ಹಾಕ್ತೀನಿ. ಮನೆಯಲ್ಲಿ ಅರವತ್ತು ದಾಟಿದವರು ಇದ್ದರೆ ಅವರ ಕಿವಿಗೆ ಹಿಡೀರಿ. ಎಡಗೈ ತಡವಾಗಿ ಬೀಳೋ ಹಲಗಿ ಯಾವ ಕೇರಿಯದು, ಯಾರದು ಅಂತ ಕೇಳ್ರಿ, ಹೆಸರು ಸಿಕ್ಕರೆ ತಿಳಿಸ್ರಿ.